ಆಟಿಯಲ್ಲಿ ತೀರಿಹೋದ ಸಬ್ಸಿಡಿ

ಸೋಣ ತಿಂಗಳ ಮೊದಲ ದಿನ ಬೆಳಿಗ್ಗೆ ಗೋರೆಗಾಂವ್‌ನ ಒಂದು ಶೋರೂಮಿನಲ್ಲಿ ನಾನು ತೆಂಗಿನಕಾಯಿ ಹಿಡಿದುಕೊಂಡು ನಿಂತಿದ್ದೆ. ಪಕ್ಕದಲ್ಲಿ ನನ್ನ ನಾದಿನಿ ಜಲಜ. ಅವಳ ಕೈಯಲ್ಲಿ ನಾಲ್ಕು ಲಿಂಬೆಹಣ್ಣು, ಕುಂಕುಮದ ಸ್ಟೀಲ್ ಡಬ್ಬಿ, ಚೆಂಡುಹೂವಿನ ಮಾಲೆ. ಎದುರಿಗೆ ಟೈ ಕಟ್ಟಿದ ಸೇಲ್ಸ್‌ಮನ್. ಅವನ ಕೈಯಲ್ಲಿ ಇರಬೇಕಾದದ್ದು ಗಾಡಿಯ ಕೀ. ಅದು ಇರಲಿಲ್ಲ.

"ಮ್ಯಾಡಮ್, ಸಬ್ಸಿಡಿ ತೋ ಬಂದ್ ಹೋ ಗಯಾ" ಎಂದ.

ಹೇಗೆ ಹೇಳಿದ ಗೊತ್ತೇ? ಸ್ಟೇಷನ್ ಹೊರಗಿನ ಗಾಡಿಯವನು 'ವಡಾ ಖತಂ' ಅನ್ನುತ್ತಾನಲ್ಲ, ಹಾಗೆ. ಅವನಾದರೂ ಒಂದು ಸಲ ಖಾಲಿ ಬಾಣಲೆ ತೋರಿಸುತ್ತಾನೆ.

"ಅತ್ತಿಗೆ, ಇವ ಎಂತ ಹೇಳುವುದು?" ಜಲಜ ನನ್ನ ಕಡೆ ತಿರುಗಿದಳು. (ಮದುವೆಯಾದಂದಿನಿಂದ ಮುಂಬೈಯಲ್ಲೇ ಇರುವವಳಿಗೆ ಹಿಂದಿ ಅರ್ಥವಾಗದೆ ಇರುತ್ತದೆಯೇ? ಕೆಲವು ಮಾತುಗಳನ್ನು ನಮ್ಮವರ ಬಾಯಿಂದ ಇನ್ನೊಮ್ಮೆ ಕೇಳಿದ ಮೇಲೆಯೇ ನಂಬಿಕೆ ಬರುವುದು.)

ಅವನ ಹಿಂದಿನ ಗೋಡೆಯಲ್ಲಿ ಆಳೆತ್ತರದ ಪೋಸ್ಟರ್. ಹಸಿರು ಎಲೆ, ನಗುವ ಹುಡುಗಿ, ಅವಳ ಪಕ್ಕದಲ್ಲಿ ಪುಟ್ಟ ಇಲೆಕ್ಟ್ರಿಕ್ ಟ್ರಕ್. ಶೋರೂಮಿನವರು ಅದನ್ನು ಟ್ರಕ್ ಅನ್ನುತ್ತಾರೆ, ನಾವು ಟೆಂಪೊ ಅನ್ನುತ್ತೇವೆ. ಪೋಸ್ಟರಿನ ಕೆಳಗಿನ ಒಂದು ಸಾಲಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿದ್ದರು. ಅಂಟಿಸಿದವರಿಗೆ ಅವಸರವಿತ್ತೋ ಏನೋ, ಪಟ್ಟಿ ಸೊಟ್ಟಗಿತ್ತು. ಕಾಗದ ತೆಳ್ಳಗಿತ್ತು. ಒಳಗಿನಿಂದ 'ಸರ್ಕಾರಿ ಸಬ್ಸಿಡಿ' ಎಂಬ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ಇಷ್ಟು ದೊಡ್ಡ ದೇಶದ ಇಷ್ಟು ದೊಡ್ಡ ಮಾತನ್ನು ಮುಚ್ಚಲು ಅರ್ಧ ಹಾಳೆ ಸಾಕಾಯಿತು.

"ಯೋಜನೆ ಮುಂದಿನ ವರ್ಷದ ತನಕ ಇದೆ ಅಂತ ನೀವೇ ಹೇಳಿದ್ರಲ್ಲ?" ಎಂದು ಕೇಳಿದೆ.

"ಇತ್ತು ಮ್ಯಾಡಮ್. ಆದ್ರೆ ಕೋಟಾ ಮುಗೀತು. ಇಷ್ಟು ಗಾಡಿಗೆ ಅಂತ ಲೆಕ್ಕ ಇರ್ತದೆ. ಅದು ಮುಗಿದ್ರೆ ಯೋಜನೆ ಮುಗೀತು."

"ಅದನ್ನು ಯಾವಾಗ ಹೇಳಿದ್ದಿರಿ?"

"ಸ್ಟಾರ್ ಥಾ ನಾ ಮ್ಯಾಡಮ್" ಎಂದು ಪೋಸ್ಟರಿನ ತಳ ತೋರಿಸಿದ. ಬಗ್ಗಿ ನೋಡಿದೆ. ಹೌದು, ಒಂದು ನಕ್ಷತ್ರ. ಅದರ ಮುಂದೆ ಇರುವೆಗಳ ಸಾಲಿನಂಥ ಅಕ್ಷರಗಳು. ಹಿಂದಿನ ಕಾಲದಲ್ಲಿ ನಕ್ಷತ್ರ ನೋಡಿ ದಾರಿ ಕಂಡುಕೊಳ್ಳುತ್ತಿದ್ದರಂತೆ. ಈಗ ನಕ್ಷತ್ರ ಕಂಡರೆ ದಾರಿ ತಪ್ಪಿತು ಎಂದೇ ಅರ್ಥ.

ಬೈಕುಲ್ಲಾದ ಕಾನ್ವೆಂಟಿನಲ್ಲಿ ಓದಿದವಳು ನಾನು. ಬೈಯಲು ಬರುವುದಿಲ್ಲ. ಸಿಸ್ಟರ್‌ಗಳು ಕಲಿಸಿದ್ದು 'ಪ್ಲೀಸ್' ಮತ್ತು 'ಥ್ಯಾಂಕ್ಯೂ' ಎರಡೇ. ಹಾಗಾಗಿ "ಥ್ಯಾಂಕ್ಯೂ" ಎಂದೆ. ಅವನ ಮುಖ ಸಣ್ಣಗಾಯಿತು. ಹೇಳಬೇಕಾದ ಹಾಗೆಯೇ ಹೇಳಿದ್ದೆ ಅಂತ ಕಾಣುತ್ತದೆ.

ಪಾಪ, ಸಮಾಧಾನಕ್ಕೆ ಏನಾದರೂ ಕೊಡಬೇಕಲ್ಲ. "ಫುಲ್ ಪ್ರೈಸ್‌ನಲ್ಲಿ ತಗೊಂಡ್ರೆ ಫ್ಲೋರ್ ಮ್ಯಾಟ್ ಫ್ರೀ ಮ್ಯಾಡಮ್. ಸೀಟ್ ಕವರ್ ಕೂಡ." ಸಬ್ಸಿಡಿ ಹೋದ ಮೇಲೆ ಸಾಲ ಕೊಡುವವರೂ ಲೆಕ್ಕ ಬದಲಿಸಿದ್ದರು. ಮೊದಲು ಕಟ್ಟಬೇಕಾದ ಡೌನ್ ಪೇಮೆಂಟ್ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಜಲಜಳ ಹತ್ತಿರ ಅಷ್ಟಿರಲಿಲ್ಲ. ಫ್ಲೋರ್ ಮ್ಯಾಟಿನಿಂದ ಅದು ತುಂಬುವ ಹಾಗೂ ಇರಲಿಲ್ಲ.

"ಹಾಗಾದ್ರೆ ನಮ್ಮ ಗಾಡಿ?" ಎಂದಳು ಜಲಜ. ಹಿಂದಿನ ತಿಂಗಳು ಶೋರೂಮಿನ ಹಿತ್ತಲಿನಲ್ಲಿ ಅವಳ ಹೆಸರಿನ ಚೀಟಿ ಅಂಟಿಸಿ ನಿಲ್ಲಿಸಿದ್ದ ಗಾಡಿ ಅದು. ಅವಳು ಅದರ ಫೋಟೊ ತೆಗೆದು ಇಡೀ ಕುಟುಂಬಕ್ಕೆ ಕಳಿಸಿದ್ದಳು.

ಹಿತ್ತಲಿಗೆ ಹೋಗಿ ನೋಡಿದೆವು. ಗಾಡಿ ಇತ್ತು. ಚೀಟಿ ಇರಲಿಲ್ಲ. ಚೀಟಿ ಇದ್ದ ಜಾಗದಲ್ಲಿ ಗೋಂದಿನ ಕಲೆ. ಮನೆಬಾಗಿಲಿಗೆ ಪಾರ್ಸೆಲ್ ತರುವ ಒಂದು ದೊಡ್ಡ ಕಂಪೆನಿ ಅಲ್ಲಿದ್ದ ಗಾಡಿಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿತ್ತಂತೆ. ಒಟ್ಟಿಗೆ ತೆಗೆದುಕೊಂಡರೆ ಅವರಿಗೆ ಬೇರೆಯೇ ರಿಯಾಯಿತಿಯಂತೆ. ನೂರು ಗಾಡಿ ಕೊಳ್ಳುವ ತಾಕತ್ತು ಇದ್ದವರಿಗೆ ರಿಯಾಯಿತಿ. ಒಂದು ಗಾಡಿ ಕೊಳ್ಳಲು ಒದ್ದಾಡುವವರಿಗೆ ನಕ್ಷತ್ರ.

ತೆಂಗಿನಕಾಯಿ ಮನೆಗೆ ವಾಪಸು ಬಂತು. ಮಧ್ಯಾಹ್ನ ಚಟ್ನಿ ಮಾಡಿದೆ. ಯಾರಿಗೂ ಸೇರಲಿಲ್ಲ.

ಜಲಜಳಿಗೆ ಯಾಕೆ ಇಲೆಕ್ಟ್ರಿಕ್ ಗಾಡಿಯೇ ಬೇಕಿತ್ತು? ಅದನ್ನು ಹೇಳದಿದ್ದರೆ ನೀವೂ ನಮ್ಮ ನೆಂಟರ ಹಾಗೆ "ಅಯ್ಯೋ, ಹಳೇ ಗಾಡಿಯೇ ಓಡಿಸಲಿ" ಅನ್ನುತ್ತೀರಿ.

ಜಲಜ ಮತ್ತು ಅವಳ ಗಂಡ ವಾಸು ಗೋರೆಗಾಂವ್‌ನಲ್ಲಿ ಒಂದು ಗಾಲಾ, ಅಂದರೆ ಸಣ್ಣ ಕಾರ್ಖಾನೆಯಂಥ ಕೋಣೆ, ಬಾಡಿಗೆಗೆ ಹಿಡಿದು ದೋಸೆ, ಇಡ್ಲಿ ಹಿಟ್ಟು ಮಾಡಿ ಹೋಟೆಲುಗಳಿಗೆ ಕೊಡುತ್ತಾರೆ. ವಾಸಣ್ಣ ಮೊದಲು ನಮ್ಮ ಊರ ಕಡೆಯವರದೇ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದರು. ರುಬ್ಬುವ ಕಲ್ಲು ಎತ್ತಿ ಎತ್ತಿ ಸೊಂಟ ಹೋಯಿತು. ಹೋಟೆಲು ಬಿಟ್ಟರು, ಹಿಟ್ಟು ಬಿಡಲಿಲ್ಲ. ಈಗ ಲೆಕ್ಕ, ಫೋನು, ಸ್ಟೀರಿಂಗು ಅವರದು. ಭಾರ ಎತ್ತುವುದೆಲ್ಲ ಜಲಜಳದು. ಅವರ ಜೊತೆ ಅಕ್ಕಿ ತೊಳೆದು ರುಬ್ಬುವ ಇಬ್ಬರು ಹೆಂಗಸರು.

ಹೋಟೆಲಿನಲ್ಲಿ ಇಡ್ಲಿ ಬೇಯಿಸುವ ಅಟ್ಟ ಒಲೆಗೆ ಏರುವುದು ಬೆಳಗಿನ ಐದು ಗಂಟೆಗೆ. ಅಷ್ಟರೊಳಗೆ ಹಿಟ್ಟು ಮುಟ್ಟಬೇಕು. ಹಿಂದಿನ ದಿನ ಸಂಜೆಯೇ ಕೊಟ್ಟರೆ? ಹುಳಿ ಬರುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಅದನ್ನು ಮೂಗಿನಲ್ಲೇ ಹಿಡಿಯುತ್ತಾರೆ. ಆರು ಗಂಟೆ ಮೀರಿ ಕೊಟ್ಟರೆ? ಅಷ್ಟರಲ್ಲಿ ಲೋಕಲ್ ಟ್ರೇನ್ ಹಿಡಿಯುವ ಗಿರಾಕಿ ಚಹಾ ಕುಡಿದು ಹೋಗಿರುತ್ತಾನೆ. ಹಿಟ್ಟಿನ ವ್ಯಾಪಾರದಲ್ಲಿ ಸ್ವಲ್ಪ ತಡವಾಯಿತು ಅನ್ನುವ ಮಾತೇ ಇಲ್ಲ. ಬಂತು ಅಥವಾ ಬರಲಿಲ್ಲ, ಎರಡೇ. ಮೂರು ದಿನ ಬರದಿದ್ದರೆ ನಾಲ್ಕನೆಯ ದಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಫ್ಯಾಕ್ಟರಿ ಹಿಟ್ಟು ತರುವವನು ಆ ಹೋಟೆಲಿನ ಹಿಂಬಾಗಿಲಲ್ಲಿ ನಿಂತಿರುತ್ತಾನೆ. ಈಗಾಗಲೇ ಅವನು ವಾರಕ್ಕೊಮ್ಮೆ ಎಲ್ಲರಿಗೂ ನಮಸ್ಕಾರ ಹಾಕಿ ಹೋಗುತ್ತಿದ್ದಾನೆ.

ಇನ್ನು ಗಾಲಾ ಇರುವ ಜಾಗ. ಮೊದಲು ಅಲ್ಲಿ ಒಂದು ಚಾಳು, ಅದರ ಹಿಂದೆ ಗಾಲಾಗಳ ಸಾಲು, ನಡುವೆ ಒಂದು ಗಲ್ಲಿ. ಚಾಳು ಹೋಯಿತು, ಅಲ್ಲಿ ಬಹುಮಹಡಿ ಫ್ಲ್ಯಾಟುಗಳ ಟವರ್ ಎದ್ದಿತು. ಗಲ್ಲಿಯ ಬಾಯಿಗೆ ಬಿಲ್ಡರ್ ಒಂದು ಗೇಟು ಹಾಕಿಸಿದ. ಗೇಟಿನ ಕೀಲಿಕೈ ಟವರಿನ ವಾಚ್‌ಮನ್ ಹತ್ತಿರ. ವಾಚ್‌ಮನ್ ಇರುವುದು ಟವರಿನ ಕಮಿಟಿಯ ಮಾತಿನಲ್ಲಿ. ಹೀಗೆ, ಗಲ್ಲಿಗಿಂತ ಎಷ್ಟೋ ವರ್ಷ ಆಮೇಲೆ ಬಂದವರು ಗಲ್ಲಿಯ ಯಜಮಾನರಾದರು. ಮುಂಬೈಯಲ್ಲಿ ಇದು ಹೊಸದಲ್ಲ. ಎತ್ತರದಲ್ಲಿ ಇರುವವರಿಗೆ ಕೆಳಗಿನದೆಲ್ಲ ತಮ್ಮದೇ ಅಂಗಳವಾಗಿ ಕಾಣುತ್ತದೆ.

ಬೇಸಿಗೆಯಲ್ಲಿ ಕಮಿಟಿಯ ಚೇರ್ಮನ್ ಸಾಹೇಬರು ವಾಸಣ್ಣನನ್ನು ಕರೆಸಿ ಹೇಳಿದರಂತೆ: ನಿಮ್ಮ ಡೀಸೆಲ್ ಟೆಂಪೊದ ಸದ್ದಿಗೆ ಜನರ ನಿದ್ದೆ ಕೆಡುತ್ತದೆ, ಹೊಗೆ ಮೇಲೆ ಬರುತ್ತದೆ, ಗಣೇಶ ಚತುರ್ಥಿಯಿಂದ ಬೆಳಗಿನ ಆರರ ಮೊದಲು ಗೇಟು ತೆರೆಯುವುದಿಲ್ಲ. ಇಲೆಕ್ಟ್ರಿಕ್ ಗಾಡಿಯಾದರೆ ಯಾವ ಹೊತ್ತಿಗೂ ಅಡ್ಡಿಯಿಲ್ಲ.

(ಸದ್ದು ನಿಲ್ಲಿಸಲು ಆರಿಸಿಕೊಂಡ ದಿನ ನೋಡಿ, ಗಣೇಶ ಚತುರ್ಥಿ! ಟವರಿನ ಗಣಪತಿಯ ಎದುರು ಬಾರಿಸುವ ಡೋಲು ನಮ್ಮ ಬಿಲ್ಡಿಂಗಿನ ಕಿಟಕಿ ಗಾಜನ್ನೂ ನಡುಗಿಸುತ್ತದೆ. ಅದು ಭಕ್ತಿ. ಇಡ್ಲಿ ಹಿಟ್ಟಿನ ಟೆಂಪೊ ಮಾತ್ರ ಶಬ್ದಮಾಲಿನ್ಯ.)

ಸಿಎನ್‌ಜಿ ಆದೀತೇ ಎಂದು ವಾಸಣ್ಣ ಕೇಳಿ ನೋಡಿದರು. ಅದಕ್ಕೂ ಇಂಜಿನ್ ಇದೆಯಲ್ಲ, ಬೇಡ ಅಂದರು. ಸರಿ, ಇಲೆಕ್ಟ್ರಿಕ್ ಎಂದು ತೀರ್ಮಾನವಾಯಿತು. ಸಬ್ಸಿಡಿ ಕಳೆದು ಉಳಿಯುವ ಬೆಲೆ ಅವರ ಕೈಗೆಟುಕುವ ಹಾಗಿತ್ತು. ಜಲಜಳಿಗಂತೂ ಹೋದಲ್ಲೆಲ್ಲ ಅದೇ ಮಾತು. "ಅತ್ತಿಗೆ, ಸದ್ದೇ ಇಲ್ಲವಂತೆ! ಬೆಕ್ಕು ಹೋದ ಹಾಗೆ ಹೋಗ್ತದಂತೆ!"

ಹಾಗಾದರೆ ಸಮಯಕ್ಕೆ ಸರಿಯಾಗಿ ಯಾಕೆ ತೆಗೆದುಕೊಳ್ಳಲಿಲ್ಲ?

ಆಟಿ.

(ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ನಮ್ಮ ತುಳುವರ ತಿಂಗಳುಗಳಲ್ಲಿ ಮಳೆಗಾಲದ ನಡುವೆ ಬರುವುದು ಆಟಿ. ಮದುವೆ ಇಲ್ಲ, ಮನೆಯೊಕ್ಕಲು ಇಲ್ಲ, ಹೊಸದು ಯಾವುದೂ ಇಲ್ಲ. ಅಮಾವಾಸ್ಯೆಯ ದಿನ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಹಿ ಕಷಾಯ ಕುಡಿಯಬೇಕು. ಮುಂಬೈಯಲ್ಲಿ ಪಾಲೆ ಮರ ಎಲ್ಲಿ? ಕೆತ್ತೆ ಊರಿನ ಬಸ್ಸಿನಲ್ಲಿ ಬರುತ್ತದೆ. ಕಹಿ ಮಾತ್ರ ಒಂದು ಚೂರೂ ಕಮ್ಮಿಯಾಗಿರುವುದಿಲ್ಲ. ಆಟಿ ಕಳೆದರೆ ಸೋಣ, ಎಲ್ಲದಕ್ಕೂ ಶುಭ.)

ಶೋರೂಮಿನಿಂದ "ಗಾಡಿ ಬಂದಿದೆ, ರಿಜಿಸ್ಟ್ರೇಷನ್‌ಗೆ ಬನ್ನಿ" ಎಂದು ಫೋನ್ ಬಂದದ್ದು ಆಟಿ ಹುಟ್ಟಿದ ಮಾರನೇ ದಿನ. ನಮ್ಮತ್ತೆ, ಅಂದರೆ ಜಲಜಳ ಅಮ್ಮ, ನಮ್ಮ ಜೊತೆಯೇ ಇರುವವರು, ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಾ ಕೂತಿದ್ದವರು ತಲೆ ಎತ್ತಲೂ ಇಲ್ಲ.

"ಆಟಿಯಲ್ಲಿ ಯಾರಾದರೂ ಹೊಸ ಗಾಡಿ ತರುವುದುಂಟಾ? ಒಂದು ತಿಂಗಳು ಕಾದರೆ ಆ ಗಾಡಿ ಎಂತ, ಹಳಸಿ ಹೋಗ್ತದಾ?"

ಎಲ್ಲರೂ ಒಪ್ಪಿದರು. ದಿನಾ ಬೆಳಿಗ್ಗೆ ಷೇರುಪೇಟೆಯ ಪುಟ ಓದಿ ದೇಶದ ಆರ್ಥಿಕತೆಗೆ ಸಲಹೆ ಕೊಡುವ ನಮ್ಮ ಯಜಮಾನರು ಒಪ್ಪಿದರು. "ಸ್ಕೀಮ್ ಮುಂದಿನ ವರ್ಷದ ತನಕ ಉಂಟು, ಅದೇನು ಓಡಿಹೋಗುದಿಲ್ಲ" ಎಂದರು. ವಾಸಣ್ಣ ಒಪ್ಪಿದರು. ಜಲಜ ಒಪ್ಪಿದಳು. ನಾನೂ ಒಪ್ಪಿದೆ. ಕೊನೆಗೆ ಆ ಟೈ ಕಟ್ಟಿದ ಸೇಲ್ಸ್‌ಮನ್ ಕೂಡ ಒಪ್ಪಿದ. "ಆರಾಮ್ ಸೆ ಲೇ ಜಾವ್ ಮ್ಯಾಡಮ್, ಕ್ಯಾ ಜಲ್ದಿ ಹೈ!"

ಬುಕಿಂಗ್ ಆಯಿತಲ್ಲ, ಇನ್ನು ಸಬ್ಸಿಡಿ ನಮ್ಮದೇ ಎಂದು ನಾವೆಲ್ಲ ನಂಬಿದ್ದೆವು. ಲೋಕಲ್‌ನಲ್ಲಿ ಸೀಟಿನ ಮೇಲೆ ಕರ್ಚೀಫ್ ಹಾಕಿದ ಹಾಗೆ. ಆದರೆ ಸರ್ಕಾರ ಎಣಿಸುವುದು ರಿಜಿಸ್ಟರ್ ಆದ ಗಾಡಿಗಳನ್ನು, ಬುಕ್ ಆದ ಗಾಡಿಗಳನ್ನಲ್ಲ. ಇದನ್ನು ನಮಗೆ ಹೇಳಿದವರು ಯಾರು? ಯಾರೂ ಇಲ್ಲ. ಕರ್ಚೀಫ್ ಹಾಕಿದ್ದು ಹೌದು, ಆದರೆ ಆ ಬೋಗಿಯನ್ನೇ ಕಳಚಿಕೊಂಡು ಹೋಗಿದ್ದರು.

ಶೋರೂಮಿನಿಂದ ಬಂದ ಸಂಜೆ ಮನೆಯಲ್ಲಿ ನಡೆದದ್ದು ನನಗೆ ಶೋರೂಮಿನಲ್ಲಿ ನಡೆದದ್ದಕ್ಕಿಂತ ಹೆಚ್ಚು ಅಸಹ್ಯವಾಯಿತು.

"ನಾನು ಅವತ್ತೇ ಹೇಳ್ಳಿಲ್ವಾ?" ಎಂದರು ಯಜಮಾನರು, ಶೂ ಬಿಚ್ಚುವ ಮೊದಲೇ. ಏನು ಹೇಳಿದ್ದರು, ಯಾರಿಗೆ ಹೇಳಿದ್ದರು, ಅವರಿಗೇ ಗೊತ್ತು. ಗಂಡಸರ 'ಅವತ್ತೇ ಹೇಳಿದ್ದೆ' ಎನ್ನುವುದು ಒಂದು ವಿಶೇಷ ಕಾಲ. ಅದು ಭೂತವೂ ಅಲ್ಲ, ಭವಿಷ್ಯವೂ ಅಲ್ಲ. ನಷ್ಟವಾದ ಮೇಲೆ ಹುಟ್ಟುತ್ತದೆ.

ಅಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಬೊರಿವಲಿಯ ಚಿಕ್ಕಮಾವ ಬರೆದರು: 'ಮೂಢನಂಬಿಕೆಗೆ ತೆತ್ತ ಬೆಲೆ. ಇನ್ನಾದರೂ ಬುದ್ಧಿ ಬರಲಿ.' ಕೆಳಗೆ ಹನ್ನೊಂದು ಜನರ ಹೆಬ್ಬೆರಳು.

ಚಿಕ್ಕಮಾವ ಯಾರು ಗೊತ್ತೇ? ತಮ್ಮ ಹೋಟೆಲಿನ ಎರಡನೇ ಶಾಖೆಯನ್ನು ಆಟಿ ಕಳೆಯಲಿ ಎಂದು ಬಾಡಿಗೆ ಕಟ್ಟಿಕೊಂಡು ಒಂದು ತಿಂಗಳು ಬೀಗ ಹಾಕಿ ಇಟ್ಟಿದ್ದವರು. ಮುಂಬೈಯಲ್ಲಿ ನಮ್ಮವರ ಒಂದೇ ಒಂದು ಹೋಟೆಲ್ ಆಟಿಯಲ್ಲಿ ಉದ್ಘಾಟನೆಯಾದದ್ದು ತೋರಿಸಿ, ನೋಡೋಣ. ಲಾಭ ಬಂದರೆ ಅದು ಸಂಪ್ರದಾಯ, ನಷ್ಟವಾದರೆ ಮೂಢನಂಬಿಕೆ. ಅದೂ ಮುದುಕಿಯೊಬ್ಬಳ ಮೂಢನಂಬಿಕೆ.

ಅತ್ತೆ ವಾಟ್ಸಾಪ್ ಓದುವುದಿಲ್ಲ. ಆದರೆ ಮನೆಯಲ್ಲಿ ಯಾರು ಯಾವ ದಿಕ್ಕಿಗೆ ಮುಖ ತಿರುಗಿಸಿ ಕೂತಿದ್ದಾರೆ ಎಂದು ಓದಬಲ್ಲರು. ಸಂಜೆಯ ಚಹಾ ಮುಟ್ಟಲಿಲ್ಲ. ಲೋಟದ ಮೇಲೆ ಕೆನೆ ಕಟ್ಟಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಡಿಸುವುದು, ಅದೇ ಕೆಲಸ. ಕೊನೆಗೆ "ನನ್ನ ಈ ನಾಲಿಗೆ ಬಿದ್ದುಹೋಗಬಾರದಿತ್ತಾ. ಮಗಳ ಅನ್ನಕ್ಕೆ ನಾನೇ ಕಲ್ಲು ಹಾಕಿದೆ" ಎಂದರು.

ಜಲಜ ತಟ್ಟನೆ ಅಂದಳು, "ಅಮ್ಮ, ನೀನೆಂತ, ದೆಲ್ಲಿಯಲ್ಲಿ ಕೂತಿದ್ದೀಯಾ ಸಬ್ಸಿಡಿ ನಿಲ್ಲಿಸ್ಲಿಕ್ಕೆ? ಸುಮ್ಮನೆ ಚಾ ಕುಡಿ. ತಣ್ಣಗಾಯ್ತು."

ಅಂದು ಮನೆಯಲ್ಲಿ ಯಾರಾದರೂ ಆಡಿದ ಒಂದೇ ಒಂದು ಸರಿಯಾದ ಮಾತು ಅದು. ಆಡಿದವಳು ನಷ್ಟವಾದವಳು.

ನನಗೂ ಆಟಿಯ ಮೇಲೆ ಪ್ರೀತಿಯೇನಿಲ್ಲ. ಆ ಕಷಾಯವನ್ನು ಮೂಗು ಹಿಡಿದುಕೊಂಡೇ ಕುಡಿಯುವವಳು ನಾನು. ಆದರೆ ನ್ಯಾಯವಾಗಿ ಯೋಚಿಸಿ. ಆಟಿ ಪ್ರತಿವರ್ಷ ಬರುತ್ತದೆ. ಯಾವತ್ತು ಬರುತ್ತದೆ, ಯಾವತ್ತು ಹೋಗುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದಿರುತ್ತದೆ. ಸೋಣ ತಿಂಗಳು ಯಾವತ್ತಾದರೂ "ಈ ವರ್ಷದ ಕೋಟಾ ಮುಗಿಯಿತು, ನಾನು ಬರುವುದಿಲ್ಲ" ಎಂದದ್ದುಂಟೇ? ಮುಂದಿನ ವರ್ಷದ ತನಕ ಇರುತ್ತೇನೆ ಎಂದು ಹೇಳಿ ಮಳೆಗಾಲದ ನಡುವೆಯೇ ಎದ್ದುಹೋಗುವುದು ಮುದುಕಿಯರ ಪಂಚಾಂಗದ ಅಭ್ಯಾಸವಲ್ಲ. ಕೊಟ್ಟ ಮಾತಿಗೆ ತಪ್ಪಿದವರು ಯಾರು, ಅದನ್ನು ನಂಬಿದವರು ಯಾರು? ಆದರೆ ಸರ್ಕಾರವನ್ನು ಬೈಯಲು ಟ್ರೇನ್ ಹತ್ತಿ ಹೋಗಬೇಕು. ಅತ್ತೆ ಪಕ್ಕದ ಕುರ್ಚಿಯಲ್ಲೇ ಇದ್ದಾರೆ.

ಗಣಪತಿ ಹತ್ತಿರ ಬಂತು. ಒಂದು ನಾಲ್ಕು ತಿಂಗಳು ಅವಕಾಶ ಕೊಟ್ಟರೆ ಹಣ ಹೊಂದಿಸಿಕೊಂಡು ಇಲೆಕ್ಟ್ರಿಕ್ ಗಾಡಿಯೇ ತರುತ್ತೇವೆ ಎಂದು ಕೇಳಲು ಜಲಜ ಟವರಿಗೆ ಹೊರಟಳು. "ಅತ್ತಿಗೆ, ನೀವು ಬನ್ನಿ. ನಿಮ್ಮ ಇಂಗ್ಲಿಷು ಕೇಳಿದ್ರೆ ಅವರು ಕುರ್ಚಿಯಾದ್ರೂ ಕೊಡ್ತಾರೆ." ಹೋದೆ. ಕುರ್ಚಿ ಕೊಟ್ಟರು. ನನಗೆ. ಜಲಜಳಿಗೆ ಕೊಡಬೇಕು ಎಂದು ಹೊಳೆಯಲು ಐದು ನಿಮಿಷ ಬೇಕಾಯಿತು.

ಚೇರ್ಮನ್ ಸಾಹೇಬರು ಒಳ್ಳೆಯವರೇ. ಮಾತಿಗೊಮ್ಮೆ 'ಪ್ಲ್ಯಾನೆಟ್' ಎನ್ನುತ್ತಾರೆ. ಲಾಬಿಯಲ್ಲಿ ಏಸಿ ಹಾಕಿತ್ತು, ಗಾಜಿನ ಬಾಗಿಲನ್ನು ಮಣ್ಣಿನ ಕುಂಡವೊಂದು ತೆರೆದು ಹಿಡಿದಿತ್ತು. ಹೊರಗೆ ಪಾರ್ಕಿಂಗಿನಲ್ಲಿ ಅವರ ಇಲೆಕ್ಟ್ರಿಕ್ ಕಾರು ಚಾರ್ಜಿಗೆ ನಿಂತಿತ್ತು. ದಪ್ಪ ಕರಿ ವಯರು ವಾಚ್‌ಮನ್ನನ ಸ್ಟೂಲಿನ ಕಾಲುಗಳ ನಡುವೆ ಹಾದುಹೋಗಿತ್ತು. ಅವನು ಕಾಲು ಮೇಲೆತ್ತಿ ಕೂತಿದ್ದ.

ಎಲ್ಲವನ್ನೂ ಕೇಳಿಸಿಕೊಂಡು ಅವರು ತಲೆಯಾಡಿಸಿದರು. "ನನಗೆ ಬೇಸರವಾಗುತ್ತದೆ. ಆದರೆ ಒಂದು ಹೇಳಲೇ? ಸಬ್ಸಿಡಿ ನಂಬಿಕೊಂಡು ಬಿಸಿನೆಸ್ ಮಾಡಬಾರದು. ನಮ್ಮ ಜನಕ್ಕೆ ಎಲ್ಲ ಫ್ರೀ ಬೇಕು. ತಮ್ಮ ಕಾಲ ಮೇಲೆ ನಿಲ್ಲಬೇಕು" ಎಂದರು, ಇಂಗ್ಲಿಷಿನಲ್ಲಿ, ನನ್ನನ್ನು ನೋಡಿ.

ನಾನು ನನ್ನ ಕಾನ್ವೆಂಟಿನ ಮೆತ್ತಗಿನ ದನಿಯಲ್ಲಿ ಕೇಳಿದೆ. "ಸರ್, ನಿಮ್ಮ ಕಾರು ತುಂಬ ಚೆನ್ನಾಗಿದೆ. ಅದಕ್ಕೆ ರೋಡ್ ಟ್ಯಾಕ್ಸ್ ಎಷ್ಟಾಯಿತು?"

ಸಾಹೇಬರ ಮುಖ ಅರಳಿತು. "ಅದೇ ತಾನೇ ವಿಷಯ! ಇಲೆಕ್ಟ್ರಿಕ್‌ಗೆ ರೋಡ್ ಟ್ಯಾಕ್ಸ್ ಮಾಫಿ. ಒಂದು ಪೈಸೆ ಇಲ್ಲ. ಸರ್ಕಾರ ಉತ್ತೇಜನ ಕೊಡುತ್ತಿದೆ, ನಾವು ಉಪಯೋಗಿಸಿಕೊಳ್ಳಬೇಕು."

ಹೇಳಿ ಮುಗಿಸಿದ ಮೇಲೂ ಅವರಿಗೆ ಏನೂ ಅನ್ನಿಸಲಿಲ್ಲ. ಅದೇ ನನಗೆ ಆಶ್ಚರ್ಯ. ಅವರಿಗೆ ಬಿಟ್ಟುಕೊಟ್ಟರೆ ಉತ್ತೇಜನ, ಜಲಜಳಿಗೆ ಬಿಟ್ಟುಕೊಟ್ಟರೆ ಬಿಟ್ಟಿ. ಎರಡೂ ಸರ್ಕಾರದ ಖಜಾನೆಯಿಂದಲೇ ಬರುವುದು ಎಂದು ಅವರಿಗೆ ಯಾರು ಹೇಳಬೇಕು? ನಾನು "ಹೌ ನೈಸ್" ಎಂದೆ. ನಮ್ಮ ಸಿಸ್ಟರ್‌ಗಳು ಈ ಎರಡು ಪದಗಳನ್ನು ಹೇಗೆ ಹೇಳುತ್ತಿದ್ದರು ಎಂದು ಆ ಶಾಲೆಯಲ್ಲಿ ಓದಿದವರಿಗೆ ಗೊತ್ತಿದೆ. ಸಾಹೇಬರು ಆ ಶಾಲೆಯಲ್ಲಿ ಓದಿದವರಲ್ಲ. "ಥ್ಯಾಂಕ್ಯೂ" ಎಂದು ನಕ್ಕರು.

ಜಲಜ ಹಿಂದಿಯಲ್ಲಿ ನೇರವಾಗಿ ಕೇಳಿದಳು. "ಸಾಬ್, ನಾಲ್ಕು ತಿಂಗಳು. ಗಾಡಿ ತರುತ್ತೇನೆ ಅಂತ ದೇವರ ಮೇಲೆ ಆಣೆ ಹಾಕ್ತೇನೆ. ನನ್ನ ಹೋಟೆಲುಗಳು ಹೋದ್ರೆ ಮತ್ತೆ ಬರುದಿಲ್ಲ."

"ರೂಲ್ ಈಸ್ ರೂಲ್, ತಾಯಿ" ಎಂದರು ಸಾಹೇಬರು. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕಟ್ಟಡದ ಹಿಂದಿನಿಂದ ಟವರಿನ ಜನರೇಟರ್ ಗುಡುಗಿಕೊಂಡು ಎದ್ದಿತು. ಲಿಫ್ಟ್ ಓಡಬೇಕಲ್ಲ. ಅದು ಕುಡಿಯುವುದು ಡೀಸೆಲ್. ಅದರ ಹೊಗೆ ಹೋಗುವುದು ಗಾಲಾಗಳ ಕಡೆಗೆ. ಗುಡುಗಿನ ನಡುವೆ ಸಾಹೇಬರು ಇನ್ನೂ ಏನೋ ಹೇಳುತ್ತಿದ್ದರು. ತುಟಿಯ ಆಕಾರದಿಂದ ನೋಡಿದರೆ 'ಪ್ಲ್ಯಾನೆಟ್' ಇರಬೇಕು.

ಹೊರಗೆ ಬಂದ ಮೇಲೆ ಜಲಜ ಗಲ್ಲಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು. ಗಾಲಾದ ಬಾಗಿಲಿನಿಂದ ಗೇಟಿನ ತನಕ. ಗೇಟಿನಿಂದ ಆಚೆ ಮುಖ್ಯ ರಸ್ತೆಯ ತನಕ. ಸಣ್ಣ ಏರು ಅದು.

"ಅತ್ತಿಗೆ, ಇಂಜಿನ್ ಇದ್ದ ಗಾಡಿಗೆ ಅಲ್ವಾ ಗೇಟು ತೆಗೆಯದ್ದು?" ಎಂದಳು.

"ಹೌದು."

"ಇಂಜಿನ್ನೇ ಇಲ್ಲದಿದ್ರೆ?"

ಚತುರ್ಥಿಯ ದಿನದಿಂದ ಅದು ಶುರುವಾಗಿದೆ. ಹಳೆಯ ಡೀಸೆಲ್ ಟೆಂಪೊ ಈಗ ಮುಖ್ಯ ರಸ್ತೆಯಲ್ಲೇ ನಿಲ್ಲುತ್ತದೆ. ವಾಸಣ್ಣ ಅದರಲ್ಲಿ ಕಾಯುತ್ತಾರೆ. (ತಳ್ಳಲು ಬಂದಿದ್ದರು. ಒಂದೇ ದಿನಕ್ಕೆ ಸೊಂಟ ಹಿಡಿದುಕೊಂಡಿತು. ಜಲಜ ಬೈದು ಸ್ಟೀರಿಂಗಿಗೆ ಕಳಿಸಿದಳು.) ಗಾಲಾದಿಂದ ರಸ್ತೆಯ ತನಕ ಹಿಟ್ಟಿನ ಡ್ರಮ್ಮುಗಳು ಹೋಗುವುದು ಹಾತ್‌ಗಾಡಿಯಲ್ಲಿ, ಮಾರ್ಕೆಟ್ಟಿನಲ್ಲಿ ಕೂಲಿಗಳು ತಳ್ಳುವ ಅದೇ ಮರದ ಗಾಡಿ. ಇಂಜಿನ್ ಇಲ್ಲದ ಗಾಡಿಗೆ ವಾಚ್‌ಮನ್ ಗೇಟು ತೆರೆಯುತ್ತಾನೆ. ಹಿಂದಿನಿಂದ ಜಲಜ, ಪಕ್ಕದಲ್ಲಿ ಆ ಇಬ್ಬರು ಹೆಂಗಸರಲ್ಲಿ ಒಬ್ಬಳು. ಡ್ರಮ್ಮು ವಾಲಿದರೆ ಹಿಟ್ಟು ಚೆಲ್ಲುತ್ತದೆ, ಹಾಗಾಗಿ ಓಡುವ ಹಾಗಿಲ್ಲ. ನಿಂತರೆ ಏರಿನಲ್ಲಿ ಗಾಡಿ ಹಿಂದಕ್ಕೆ ಬರುತ್ತದೆ, ಹಾಗಾಗಿ ನಿಲ್ಲುವ ಹಾಗೂ ಇಲ್ಲ. ಮೂರು ಸಲ ಹೋಗಿ ಬರಬೇಕು.

ಹೋಟೆಲುಗಳಿಗೆ ಹಿಟ್ಟು ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದೆ. ಇಲ್ಲಿಯ ತನಕ ಒಂದೂ ಕೈಬಿಟ್ಟಿಲ್ಲ. ಎಷ್ಟು ದಿನ ಹೀಗೆ ಎಂದು ಕೇಳಿದೆ. "ಮಂಡಿ ಇರುವ ತನಕ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮೂರನೆಯ ದಿನವೇ ಕಮಿಟಿಯಿಂದ ವಾಸಣ್ಣನ ಫೋನಿಗೆ ಮೆಸೇಜು ಬಂತು. ಹಾತ್‌ಗಾಡಿಯ ಚಕ್ರಗಳು ಪೇವರ್ ಬ್ಲಾಕಿನ ಮೇಲೆ ಕಟಕಟ ಎನ್ನುತ್ತವೆಯಂತೆ. ಮೇಲಿನ ಮಹಡಿಯವರಿಗೂ ಕೇಳಿಸುತ್ತದೆಯಂತೆ. ದಯವಿಟ್ಟು ಗಮನಿಸಬೇಕಂತೆ.

ಜಲಜ ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬು ತಂದು ಚಕ್ರಗಳಿಗೆ ಸುತ್ತಿ ಕಟ್ಟಿದಳು. ಕಟಕಟ ನಿಂತಿತು. ಈಗ ಬೆಳಗಿನ ಜಾವ ಆ ಗಲ್ಲಿಯಲ್ಲಿ ಹೊಗೆಯಿಲ್ಲ, ಇಂಜಿನ್ನಿಲ್ಲ, ಚಕ್ರದ ಸದ್ದೂ ಇಲ್ಲ. ಏರು ಹತ್ತುವಾಗ ಜಲಜಳ ಏದುಸಿರು ಮಾತ್ರ ಕೇಳಿಸುತ್ತದೆ.

ಅದರ ಬಗ್ಗೆ ಕಮಿಟಿಯ ಮೆಸೇಜು ಇನ್ನೂ ಬಂದಿಲ್ಲ.